ಹಾಲುಣಿಸುವ ತಾಯಿ ತೂಕ ಇಳಿಸಬಹುದೇ? ಹೇಗೆ?



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ವಾಡಿಕೆ. ಹೆರಿಗೆಯಾದ ಮೇಲೆ ಮೂರರಿಂದ ಐದು ತಿಂಗಳು ಅಲ್ಲೇ ಇರುತ್ತಾಳೆ. ಅಂಟಿನ ಉಂಡಿ, ಅಳವಿ ಪಾಯಸ, ತುಪ್ಪ ಸುರಿದ ಬಿಸಿ ಅನ್ನ, ಹೊರಸಿನ ಮೇಲೆ ಪೂರ್ಣ ವಿಶ್ರಾಂತಿ. ಇದೆಲ್ಲ ಪ್ರೀತಿಯಿಂದ ಮಾಡುವ ಆರೈಕೆ. ಆದರೆ ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಾಗ ಹಳೆಯ ಕುಬ್ಬಸ ತೋಳಿಗೆ ಏರುವುದಿಲ್ಲ. ನೋಡಿದವರೆಲ್ಲ "ದಪ್ಪ ಆಗಿಯಲ್ಲ" ಎನ್ನುತ್ತಾರೆ. ಆಗ ಅನೇಕ ತಾಯಂದಿರು ರಾತ್ರಿ ಊಟ ಬಿಡುತ್ತಾರೆ, ಹಾಲು-ಮೊಸರು ಬಿಡುತ್ತಾರೆ, ಯಾರೋ ಹೇಳಿದ ಪುಡಿ ಕುಡಿಯಲು ಶುರು ಮಾಡುತ್ತಾರೆ.

ಹಾಲುಣಿಸುತ್ತಲೇ ತೂಕ ಇಳಿಸಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ತಾಟಿನಲ್ಲಿ ಏನಿದೆಯೋ ಅದರ ಮೇಲೆ ಎರಡು ಜೀವಗಳು ನಿಂತಿವೆ. ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಎಂದಿಗೂ ಬಿಡಬಾರದು ಎಂಬುದನ್ನು ತಿಳಿದು ಮಾಡಿದರೆ ನಿಮಗೂ ಒಳ್ಳೆಯದು, ಮಗುವಿಗೂ ಒಳ್ಳೆಯದು. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಹೆರಿಗೆಯ ನಂತರ ತಾನಾಗಿಯೇ ಇಳಿಯುವ ತೂಕ

ಹೆರಿಗೆಯ ದಿನವೇ ಮಗು, ಮಾಸು ಮತ್ತು ಗರ್ಭದ ನೀರು ಸೇರಿ ಸುಮಾರು 4ರಿಂದ 5 ಕೆ.ಜಿ. ಇಳಿಯುತ್ತದೆ. ಮುಂದಿನ ಎರಡು ವಾರಗಳಲ್ಲಿ ಮೈಯಲ್ಲಿ ನಿಂತಿದ್ದ ನೀರು ಮೂತ್ರ ಮತ್ತು ಬೆವರಿನ ಮೂಲಕ ಹೋಗಿ ಇನ್ನೂ 2-3 ಕೆ.ಜಿ. ಕಡಿಮೆಯಾಗುತ್ತದೆ. ಹೆರಿಗೆಯ ಹೊತ್ತಿಗೆ ಸುಮಾರು ಒಂದು ಕೆ.ಜಿ. ಇದ್ದ ಗರ್ಭಕೋಶ ಆರು ವಾರಗಳಲ್ಲಿ ಕುಗ್ಗಿ 100 ಗ್ರಾಂಗೂ ಕಡಿಮೆಯಾಗುತ್ತದೆ. ಮಗು ಹಾಲು ಚೀಪಿದಾಗಲೆಲ್ಲ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಹಾಲು ಕುಡಿಸುವಾಗ ಕಿಬ್ಬೊಟ್ಟೆ ನೋಯುವುದು ಇದೇ ಕಾರಣಕ್ಕೆ. ಆದ್ದರಿಂದ ಹೆರಿಗೆಯಾದ ವಾರದಲ್ಲೇ "ಹೊಟ್ಟೆ ಇಳಿದಿಲ್ಲ" ಎಂದು ಚಿಂತಿಸಬೇಡಿ.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಕೊಬ್ಬು. ಗರ್ಭಿಣಿಯಾಗಿದ್ದಾಗ ದೇಹ 3-4 ಕೆ.ಜಿ. ಕೊಬ್ಬನ್ನು ಬೇಕೆಂದೇ ಕೂಡಿಡುತ್ತದೆ. ಇದು ಮುಂದೆ ಹಾಲು ತಯಾರಿಸಲು ಇಟ್ಟ ದಾಸ್ತಾನು. ತಾಯಿ ಹಾಲುಣಿಸುತ್ತಾ ಹೋದಂತೆ ಈ ದಾಸ್ತಾನು ಕರಗುತ್ತದೆ. ಅದಕ್ಕಿಂತ ಹೆಚ್ಚು ಕೂಡಿದ್ದರೆ ಮಾತ್ರ ನಾವು ಪ್ರಯತ್ನಪಟ್ಟು ಇಳಿಸಬೇಕು.

ಯಾರು ಇಳಿಸಬೇಕು, ಯಾರು ಇಳಿಸಬಾರದು?

ನೋಡುವವರ ಮಾತು ಕೇಳಿ ತೀರ್ಮಾನ ಮಾಡಬೇಡಿ. ನಮ್ಮ ದೇಶದವರಿಗೆ ಎತ್ತರಕ್ಕೆ ತಕ್ಕ ತೂಕದ ಮೇಲಿನ ಮಿತಿ ಹೆಚ್ಚುಕಡಿಮೆ ಹೀಗಿದೆ:

4 ಅಡಿ 10 ಇಂಚು ಎತ್ತರ: 50 ಕೆ.ಜಿ.
5 ಅಡಿ ಎತ್ತರ: 53 ಕೆ.ಜಿ.
5 ಅಡಿ 2 ಇಂಚು ಎತ್ತರ: 57 ಕೆ.ಜಿ.
5 ಅಡಿ 4 ಇಂಚು ಎತ್ತರ: 61 ಕೆ.ಜಿ.

ಹೆರಿಗೆಯಾಗಿ ಆರು ವಾರಗಳ ನಂತರ ನಿಮ್ಮ ತೂಕ ಇದಕ್ಕಿಂತ ಕಡಿಮೆ ಇದ್ದರೆ ಇಳಿಸುವ ಮಾತೇ ಬೇಡ. ಕಬ್ಬಿನ ಗದ್ದೆಯಲ್ಲಿ ದುಡಿಯುವ ತೆಳ್ಳನೆಯ ತಾಯಂದಿರು ಚೆನ್ನಾಗಿ ಊಟ ಮಾಡಿ ತೂಕ ಉಳಿಸಿಕೊಳ್ಳಬೇಕು.

ಈ ಕೆಳಗಿನವರು ವೈದ್ಯರನ್ನು ಕೇಳದೆ ತೂಕ ಇಳಿಸಲು ಹೋಗಬಾರದು:
* ರಕ್ತಹೀನತೆ ಇರುವವರು
* ಅವಳಿ ಮಕ್ಕಳಿಗೆ ಹಾಲುಣಿಸುವವರು
* ದಿನ ತುಂಬುವ ಮೊದಲು ಹುಟ್ಟಿದ ಅಥವಾ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದ ಮಗುವಿನ ತಾಯಂದಿರು
* ಮಗುವಿನ ತೂಕ ಸರಿಯಾಗಿ ಏರದಿರುವವರು
* ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಅಥವಾ ಹೃದ್ರೋಗ ಇರುವವರು

ಗರ್ಭಿಣಿಯಾಗಿದ್ದಾಗ ಮಾತ್ರ ಸಕ್ಕರೆ ಕಾಣಿಸಿಕೊಂಡಿದ್ದವರು ಆರು ವಾರಕ್ಕೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮುಂದೆ ಸಕ್ಕರೆ ಕಾಯಿಲೆ ನಿಮ್ಮಲ್ಲೇ ನಿಲ್ಲದಂತೆ ತಡೆಯಲು ತೂಕ ಹತೋಟಿಯಲ್ಲಿಡುವುದು ಮತ್ತು ಹಾಲುಣಿಸುವುದು, ಎರಡೂ ಸಹಾಯ ಮಾಡುತ್ತವೆ.

ಯಾವಾಗ ಆರಂಭಿಸಬೇಕು, ಎಷ್ಟು ಇಳಿಸಬೇಕು?

ಮೊದಲ ಆರು ವಾರ ತೂಕದ ಚಿಂತೆ ಬೇಡ. ಈ ಅವಧಿಯಲ್ಲಿ ಗಾಯ ಮಾಯಬೇಕು, ಹೋದ ರಕ್ತ ತುಂಬಿಕೊಳ್ಳಬೇಕು, ಹಾಲು ಬರುವುದು ಒಂದು ಹದಕ್ಕೆ ಬರಬೇಕು. ಅನಂತರ ವಾರಕ್ಕೆ ಅರ್ಧ ಕೆ.ಜಿ., ತಿಂಗಳಿಗೆ ಹೆಚ್ಚೆಂದರೆ 2 ಕೆ.ಜಿ. ಇಳಿದರೆ ಸಾಕು. ಒಂಬತ್ತು ತಿಂಗಳಲ್ಲಿ ಬಂದ ತೂಕ ಒಂದು ತಿಂಗಳಲ್ಲಿ ಹೋಗಬೇಕೆಂದರೆ ಆಗದು.

ಅಮೆರಿಕದಲ್ಲಿ ನಡೆಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 40 ಹಾಲುಣಿಸುವ ತಾಯಂದಿರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು 10 ವಾರ ಕಾಲ ದಿನಕ್ಕೆ 500 ಕ್ಯಾಲೊರಿ ಆಹಾರ ಕಡಿಮೆ ಮಾಡಿ, ವಾರಕ್ಕೆ 4 ದಿನ 45 ನಿಮಿಷ ವ್ಯಾಯಾಮ ಮಾಡಿದರು. ವಾರಕ್ಕೆ ಸುಮಾರು ಅರ್ಧ ಕೆ.ಜಿ.ಯಂತೆ ಅವರ ತೂಕ ಇಳಿಯಿತು. ಎರಡೂ ಗುಂಪಿನ ಮಕ್ಕಳು ಒಂದೇ ರೀತಿ ಬೆಳೆದರು. ನಿಧಾನವಾಗಿ ಇಳಿಸಿದರೆ ಮಗುವಿನ ಬೆಳವಣಿಗೆಗೆ ತೊಂದರೆ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಆ ತಾಯಂದಿರು ಊಟ ಬಿಟ್ಟಿರಲಿಲ್ಲ, ತರತರದ ಆಹಾರ ತಿನ್ನುತ್ತಲೇ ಇದ್ದರು ಎಂಬುದನ್ನು ಮರೆಯಬಾರದು.

600 ಕ್ಯಾಲೊರಿಯ ಲೆಕ್ಕ

ತಾಯಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಉಣಿಸುತ್ತಾಳೆ. ಇದಕ್ಕಾಗಿ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಆಮೇಲೆ ವರ್ಷದವರೆಗೆ 520 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ತಿಳಿಸಿದೆ.

600 ಕ್ಯಾಲೊರಿ ಎಂದರೆ ಎಷ್ಟು? ಒಂದು ಜೋಳದ ರೊಟ್ಟಿ, ಒಂದು ವಾಟಿ ಬೇಳೆ, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ. ಇವಿಷ್ಟನ್ನು ಮಾಮೂಲಿ ಊಟದ ಜೊತೆ ತಿಂದರೆ ಲೆಕ್ಕ ಸರಿಹೋಗುತ್ತದೆ.

ಈಗ ಉಂಡಿಯ ಲೆಕ್ಕ ನೋಡಿ. ಅಂಟು, ತುಪ್ಪ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಕಟ್ಟಿದ 50 ಗ್ರಾಂ ತೂಕದ ಒಂದು ಉಂಡಿಯಲ್ಲಿ ಸುಮಾರು 230ರಿಂದ 250 ಕ್ಯಾಲೊರಿ ಇರುತ್ತದೆ. ನಮ್ಮ ಗೋಕಾಕದ ಕರದಂಟೂ ಇದೇ ಜಾತಿಯದು. ಬೆಳಿಗ್ಗೆ ಒಂದು, ಸಂಜೆ ಒಂದು, ಬಂದವರು ಒತ್ತಾಯ ಮಾಡಿದರೆಂದು ಇನ್ನೊಂದು, ಹೀಗೆ ಮೂರು ಉಂಡಿ ತಿಂದರೆ 700 ಕ್ಯಾಲೊರಿ ಮುಗಿಯಿತು. ಹಾಲಿಗೆ ಬೇಕಾದದ್ದೆಲ್ಲ ಉಂಡಿಯಲ್ಲೇ ಬಂತು. ಅದರ ಮೇಲೆ ಅನ್ನಕ್ಕೆ ಸುರಿಯುವ ಒಂದೊಂದು ದೊಡ್ಡ ಚಮಚ ತುಪ್ಪಕ್ಕೆ ಸುಮಾರು 135 ಕ್ಯಾಲೊರಿ. ಇದೇ ಬೊಜ್ಜಾಗಿ ಕೂಡುತ್ತದೆ.

ಉಂಡಿ ಕೆಟ್ಟದ್ದಲ್ಲ. ದಿನವಿಡೀ ಗದ್ದೆಯಲ್ಲಿ ದುಡಿದು, ಬೀಸಿ, ಕುಟ್ಟಿ, ನೀರು ಹೊತ್ತು ಬಸವಳಿದ ಕಾಲದ ಬಾಣಂತಿಗೆ ಅದು ಸರಿಯಾಗಿತ್ತು. ಇಂದು ಗಿರಣಿ, ಮಿಕ್ಸರ್, ನಲ್ಲಿ ನೀರು ಬಂದಿವೆ. ದುಡಿಮೆ ಕಡಿಮೆಯಾಯಿತು, ಉಂಡಿ ಮಾತ್ರ ಅಷ್ಟೇ ಉಳಿಯಿತು. ಆದ್ದರಿಂದ ನಿಂಬೆಹಣ್ಣಿನ ಗಾತ್ರದ ಒಂದು ಉಂಡಿ ದಿನಕ್ಕೆ ಸಾಕು. ತುಪ್ಪ ಇಡೀ ದಿನಕ್ಕೆ ಎರಡು ಸಣ್ಣ ಚಮಚ ಸಾಕು.

ಯಾವುದನ್ನು ಎಂದಿಗೂ ಬಿಡಬಾರದು?

ಇದು ಈ ಪಾಠದ ಮುಖ್ಯ ಭಾಗ. ದಯವಿಟ್ಟು ಗಮನವಿಟ್ಟು ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ.

ಎದೆಹಾಲಿನಲ್ಲಿರುವ ಕೆಲವು ಅಂಶಗಳು ತಾಯಿ ಸರಿಯಾಗಿ ತಿನ್ನದಿದ್ದರೂ ಕಡಿಮೆಯಾಗುವುದಿಲ್ಲ. ಉದಾಹರಣೆಗೆ ಸುಣ್ಣದ ಅಂಶ. ಅದನ್ನು ದೇಹ ತಾಯಿಯ ಎಲುಬಿನಿಂದಲೇ ತೆಗೆದು ಹಾಲಿಗೆ ಕೊಡುತ್ತದೆ. ನಷ್ಟ ತಾಯಿಗೆ. ಆದರೆ ಬಿ1, ಬಿ12 ಮುಂತಾದ ಜೀವಸತ್ವಗಳು ಹಾಗಲ್ಲ. ತಾಯಿಯ ಊಟದಲ್ಲಿ ಅವು ಇಲ್ಲದಿದ್ದರೆ ಹಾಲಿನಲ್ಲೂ ಕಡಿಮೆಯಾಗುತ್ತವೆ. ನಷ್ಟ ಮಗುವಿಗೆ.

ಜೀವಸತ್ವ ಬಿ1 (ಥಯಮಿನ್): ಎದೆಹಾಲು ಮಾತ್ರ ಕುಡಿಯುತ್ತಿದ್ದ ಹಸುಳೆಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಹೃದಯ ಸೋತ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ ಬಗ್ಗೆ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಅಧ್ಯಯನ ಪ್ರಕಟಿಸಿದರು. ಈ ಮಕ್ಕಳ ತಾಯಂದಿರು ಬಾಣಂತನದ ಪಥ್ಯವೆಂದು ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನೇ ಹೆಚ್ಚಾಗಿ ಉಣ್ಣುತ್ತಿದ್ದರು. ಥಯಮಿನ್ ಕೊಟ್ಟಾಗ ಮಕ್ಕಳು ಚೇತರಿಸಿಕೊಂಡವು. ಅಂದರೆ ತಪ್ಪು ಎದೆಹಾಲಿನದಲ್ಲ, ತಾಯಿಗೆ ಹಾಕಿದ ಪಥ್ಯದ್ದು.

ನಮ್ಮ ಭಾಗದಲ್ಲಿ ಜೋಳದ ರೊಟ್ಟಿಯೇ ಮುಖ್ಯ ಆಹಾರ. ಬಿಳಿ ಅಕ್ಕಿಗಿಂತ ಜೋಳದಲ್ಲಿ ಆರೇಳು ಪಟ್ಟು ಹೆಚ್ಚು ಬಿ1 ಇದೆ. ಬೇಳೆ, ಕಾಳು, ಶೇಂಗಾಗಳಲ್ಲಿ ಇನ್ನೂ ಹೆಚ್ಚು. ಆದರೆ ಹೆಣ್ಣುಮಗಳು ಬಾಣಂತಿಯಾದ ಕೂಡಲೇ ಕೆಲವು ಮನೆಗಳಲ್ಲಿ ರೊಟ್ಟಿ "ಜಡ" ಎಂದು, ಬೇಳೆ-ಕಾಳು "ವಾಯು" ಎಂದು, ಕಾಯಿಪಲ್ಲೆ "ಥಂಡಿ" ಎಂದು ನಿಲ್ಲಿಸಿ ಬರೀ ಅನ್ನ, ತುಪ್ಪ, ಮೆಣಸಿನ ಸಾರು ಕೊಡುತ್ತಾರೆ. ತೂಕ ಇಳಿಸುವ ಹೆಸರಿನಲ್ಲಿ ಆ ಊಟವನ್ನೂ ಅರ್ಧ ಮಾಡಿದರೆ ಮಗುವಿಗೆ ಏನು ಉಳಿಯುತ್ತದೆ ಯೋಚಿಸಿ. ಅಕ್ಕಿಯನ್ನು ನಾಲ್ಕಾರು ಸಲ ತಿಕ್ಕಿ ತೊಳೆಯುವುದರಿಂದ, ಗಂಜಿ ಬಸಿದು ಚೆಲ್ಲುವುದರಿಂದ ಇದ್ದ ಬಿ1 ಕೂಡ ಹೋಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವುದು, ಎಲೆ-ಅಡಿಕೆ ಹಾಕಿಕೊಳ್ಳುವುದು ಕೂಡ ಬಿ1 ದೇಹಕ್ಕೆ ಹತ್ತದಂತೆ ಮಾಡುತ್ತವೆ.

ಜೀವಸತ್ವ ಬಿ12: ಇದು ಕಾಳು, ಕಾಯಿಪಲ್ಲೆ, ಹಣ್ಣುಗಳಲ್ಲಿ ಇಲ್ಲ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಯೇ ಇದಕ್ಕೆ ಆಧಾರ. "ಹಾಲು-ಮೊಸರು ತಿಂದರೆ ದಪ್ಪ ಆಗುತ್ತೇನೆ" ಎಂದು ಅದನ್ನೂ ಬಿಟ್ಟರೆ ಮಗುವಿಗೆ ಬಿ12 ಸಿಗುವುದಿಲ್ಲ. ಅಂಥ ಮಗು ಮಂಕಾಗುತ್ತದೆ, ನಗುವುದು, ಕತ್ತು ನಿಲ್ಲುವುದು ತಡವಾಗುತ್ತದೆ, ಬೆರಳಿನ ಗೆಣ್ಣುಗಳು ಕಪ್ಪಾಗುತ್ತವೆ, ಕೈಕಾಲು ನಡುಗಬಹುದು. ದಪ್ಪ ಆಗುವ ಭಯವಿದ್ದರೆ ಕೆನೆ ತೆಗೆದ ಹಾಲು ಕುಡಿಯಿರಿ. ಕೆನೆ ತೆಗೆದರೂ ಬಿ12 ಹಾಲಿನಲ್ಲೇ ಉಳಿಯುತ್ತದೆ.

ಕಬ್ಬಿಣಾಂಶದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಹೆರಿಗೆಯ ನಂತರವೂ ಆರು ತಿಂಗಳು ತೆಗೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಕೆಲವು ತಾಸು ಅಂತರವಿರಲಿ. ಗುಳಿಗೆಯಿಂದ ದಪ್ಪ ಆಗುವುದಿಲ್ಲ.

ದಿನದ ಊಟ ಹೀಗಿರಲಿ

ಬೆಳಿಗ್ಗೆ: ಒಂದು ಲೋಟ ಹಾಲು, ಸಣ್ಣದೊಂದು ಉಂಡಿ.
ನಾಷ್ಟಾ: ಕಾಯಿಪಲ್ಲೆ ಹಾಕಿದ ಉಪ್ಪಿಟ್ಟು, ಥಾಲಿಪಟ್ಟಿ ಅಥವಾ ಹೆಸರಿನ ದೋಸೆ.
ಮಧ್ಯಾಹ್ನ: ಎರಡು ಜೋಳದ ರೊಟ್ಟಿ, ಹೆಸರು ಅಥವಾ ಮಡಕಿ ಕಾಳಿನ ಪಲ್ಲೆ, ಮೆಂತ್ಯೆ, ಸಬ್ಬಸಗಿ, ರಾಜಗಿರಿ ಹೀಗೆ ಯಾವುದಾದರೂ ಸೊಪ್ಪು, ಸ್ವಲ್ಪ ಅನ್ನ, ಬೇಳೆ ಸಾರು, ಒಂದು ವಾಟಿ ಮೊಸರು.
ಸಂಜೆ: ಒಂದು ಹಿಡಿ ಹುರಿದ ಶೇಂಗಾ ಅಥವಾ ಪುಟಾಣಿ, ಪೇರಲ ಅಥವಾ ಬಾಳೆಹಣ್ಣು.
ರಾತ್ರಿ: ಎರಡು ರೊಟ್ಟಿ ಅಥವಾ ಚಪಾತಿ, ಬೇಳೆ, ಪಲ್ಲೆ, ಮಜ್ಜಿಗೆ. ಮಲಗುವಾಗ ಒಂದು ಲೋಟ ಹಾಲು, ಸಕ್ಕರೆ ಕಡಿಮೆ.

ಕಡಿಮೆ ಮಾಡಬೇಕಾದವು: ಹೆಚ್ಚುವರಿ ಉಂಡಿ, ತುಪ್ಪ, ಸಜ್ಜಕ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಹಾಕಿದ ಚಹಾ, ಚಹಾದ ಜೊತೆ ಖಾರಿ, ಬಿಸ್ಕಿಟ್, ಸಂಜೆಯ ಭಜಿ, ಫರಸಾಣ. ಇವನ್ನು ಕಡಿಮೆ ಮಾಡಿದರೆ ಸಾಕು, ಹಲವರಿಗೆ ತೂಕ ತಾನಾಗಿ ಇಳಿಯುತ್ತದೆ. ಒಟ್ಟು ಆಹಾರ ದಿನಕ್ಕೆ 1800 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು. ಒಂದು ಹೊತ್ತಿನ ಊಟವನ್ನೂ ಬಿಡಬಾರದು.

ಬಾಣಂತಿಯರಿಗೆ ಅಂಗನವಾಡಿಯಿಂದ ಪೌಷ್ಟಿಕ ಆಹಾರ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ತವರಿನಲ್ಲಿದ್ದರೂ ಅಲ್ಲಿನ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ.

ನಡಿಗೆ ಮತ್ತು ವ್ಯಾಯಾಮ

ಸಹಜ ಹೆರಿಗೆಯಾದವರು ಮರುದಿನದಿಂದಲೇ ಮನೆಯೊಳಗೆ ನಿಧಾನವಾಗಿ ಓಡಾಡಬೇಕು. ಸಿಜೇರಿಯನ್ ಆದವರೂ ವೈದ್ಯರು ಹೇಳಿದಂತೆ ಬೇಗನೆ ಎದ್ದು ಓಡಾಡಬೇಕು. ತಿಂಗಳುಗಟ್ಟಲೆ ಹೊರಸಿನ ಮೇಲೆಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಆರು ವಾರದ ತಪಾಸಣೆಯ ನಂತರ ದಿನಕ್ಕೆ 10 ನಿಮಿಷ ನಡಿಗೆಯಿಂದ ಆರಂಭಿಸಿ, ತಿಂಗಳೊಳಗೆ 30 ನಿಮಿಷಕ್ಕೆ ಏರಿಸಿ. ವಾರಕ್ಕೆ ಐದು ದಿನ ಸಾಕು. ನಮ್ಮ ಕಡೆ ಬಿಸಿಲು ಹೆಚ್ಚು, ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ ನಡೆಯಿರಿ. ಹೊರಡುವ ಮೊದಲು ಮಗುವಿಗೆ ಹಾಲು ಕುಡಿಸಿರಿ. ಎದೆ ಹಗುರವಾಗುತ್ತದೆ, ಮಗುವೂ ಮಲಗಿರುತ್ತದೆ. ನಡೆದು ಬಂದರೆ ಹಾಲು ಕೆಡುತ್ತದೆ ಎಂಬ ಮಾತು ನಿಜವಲ್ಲ.

ಸಿಜೇರಿಯನ್ ಆದವರು ಭಾರ ಎತ್ತುವುದು, ಬಗ್ಗಿ-ಎದ್ದು ಮಾಡುವ ಹೊಟ್ಟೆಯ ವ್ಯಾಯಾಮಗಳನ್ನು ವೈದ್ಯರು ಅನುಮತಿ ಕೊಟ್ಟ ಮೇಲೆಯೇ ಮಾಡಬೇಕು.

ತಾಯಂದಿರು ಕೇಳುವ ಪ್ರಶ್ನೆಗಳು

"ಬಾಣಂತಿ ನೀರ ಕುಡದ್ರ ಹೊಟ್ಟಿ ಬರತೈತಿ ಅಂತಾರ, ಖರೇನ?"
ಖರೆ ಅಲ್ಲ. ನೀರಿನಲ್ಲಿ ಕ್ಯಾಲೊರಿಯೇ ಇಲ್ಲ, ಅದರಿಂದ ಬೊಜ್ಜು ಬರುವುದಿಲ್ಲ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇದೆ. ನೀರಡಿಕೆಯಾದಾಗಲೆಲ್ಲ ಕುದಿಸಿ ಆರಿಸಿದ ನೀರು ಕುಡಿಯಿರಿ. ಪ್ರತಿ ಸಲ ಹಾಲುಣಿಸಲು ಕುಳಿತಾಗ ಒಂದು ಲೋಟ ನೀರು ಪಕ್ಕದಲ್ಲಿರಲಿ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಬರುತ್ತವೆ.

"ಹೊಟ್ಟೆಗೆ ಬಟ್ಟೆ ಬಿಗಿದರೆ ಬೊಜ್ಜು ಕರಗುತ್ತದೆಯೇ?"
ಇಲ್ಲ. ಹಗುರಾಗಿ ಕಟ್ಟಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಅಷ್ಟೇ. ಉಸಿರು ಹಿಡಿಯುವಂತೆ ಬಿಗಿಯಬಾರದು. ಹೊಲಿಗೆಯ ಗಾಯ ಮಾಯುವ ಮೊದಲು ಅದರ ಮೇಲೆ ಬಿಗಿಯಬಾರದು.

"ಶ್ರಾವಣ ಸೋಮವಾರದ ಒಪ್ಪತ್ತು ಮಾಡಬಹುದೇ?"
ಮಗುವಿಗೆ ಆರು ತಿಂಗಳು ತುಂಬುವವರೆಗೆ ಬೇಡ. ಆಮೇಲೂ ಮಾಡಲೇಬೇಕೆಂದಿದ್ದರೆ ಹಾಲು, ಮಜ್ಜಿಗೆ, ಹಣ್ಣು, ನೀರು ಬಿಡದೆ ಮಾಡಿರಿ. ತೂಕ ಇಳಿಸುವುದಕ್ಕೆಂದು ಉಪವಾಸ ಮಾಡಬೇಡಿ.

"ತೂಕ ಇಳಿಸುವ ಗುಳಿಗೆ, ಪುಡಿ, ಇಂಜೆಕ್ಷನ್?"
ಯಾವುದೂ ಬೇಡ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಹೊಸ ಔಷಧಿಗಳ ಹೆಸರು ಈಗ ಎಲ್ಲೆಡೆ ಕೇಳಿಬರುತ್ತಿದೆ. ಹಾಲುಣಿಸುವಾಗ ಅವನ್ನು ತೆಗೆದುಕೊಳ್ಳಬಾರದು. ಜಾಹೀರಾತಿನ ಪುಡಿ, ಬೇಧಿಯಾಗುವ ಚಹಾ ಕೂಡ ಬೇಡ. ಬೇಧಿಯಾದರೆ ಹೋಗುವುದು ನೀರು, ಕೊಬ್ಬಲ್ಲ.

"ಹಾಲು ಬಿಡಿಸಿದರೆ ಬೇಗ ತೆಳ್ಳಗಾಗುತ್ತೇನೆಯೇ?"
ಹಾಲುಣಿಸುವುದರಿಂದಲೇ ದಿನಕ್ಕೆ ಸುಮಾರು 500 ಕ್ಯಾಲೊರಿ ಖರ್ಚಾಗುತ್ತದೆ. ಅದನ್ನು ನಿಲ್ಲಿಸಿ ಅಷ್ಟೇ ಉಣ್ಣುತ್ತಾ ಹೋದರೆ ದಪ್ಪವಾಗುತ್ತೀರಿ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲಾಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲುಣಿಸಿರಿ.

ಮಗುವಿನ ತೂಕವೇ ಅಳತೆಗೋಲು

ನೀವು ತೂಕ ಇಳಿಸುತ್ತಿರುವುದು ಸರಿಯಾದ ದಾರಿಯೋ ಅಲ್ಲವೋ ಎಂಬುದನ್ನು ಮಗುವೇ ಹೇಳುತ್ತದೆ. ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿರಬೇಕು. ಮೊದಲ ಮೂರು ತಿಂಗಳು ದಿನಕ್ಕೆ 25-30 ಗ್ರಾಂನಂತೆ ತೂಕ ಏರಬೇಕು. ತಿಂಗಳಿಗೆ ಅರ್ಧ ಕೆ.ಜಿ.ಗಿಂತ ಕಡಿಮೆ ಏರಿದರೆ ನಿಮ್ಮ ತೂಕ ಇಳಿಸುವ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಪ್ರತಿ ತಿಂಗಳು ಮಗುವನ್ನು ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ಅದೇ ದಿನ ನಿಮ್ಮ ತೂಕವನ್ನೂ ನೋಡಿಕೊಳ್ಳಿ.

ಕೂಡಲೇ ಆಸ್ಪತ್ರೆಗೆ ಬನ್ನಿ

ಹಸುಳೆ ಹಾಲು ಕುಡಿಯುವುದನ್ನು ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಉಸಿರು ವೇಗವಾಗಿದ್ದರೆ ಅಥವಾ ನರಳುತ್ತಿದ್ದರೆ, ಅಳುವ ದನಿ ಒಡೆದಿದ್ದರೆ ಅಥವಾ ದನಿಯೇ ಬಾರದಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಕಾಯಬೇಡಿ. ದೃಷ್ಟಿ ಎಂದು ನಿವಾಳಿಸುತ್ತಾ ರಾತ್ರಿ ಕಳೆಯಬೇಡಿ. 108ಕ್ಕೆ ಕರೆ ಮಾಡಿ. ವೈದ್ಯರಿಗೆ ತಾಯಿ ಏನು ಊಟ ಮಾಡುತ್ತಿದ್ದಾಳೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಬಿ1 ಕೊರತೆಯಾಗಿದ್ದರೆ, ಸಮಯಕ್ಕೆ ಸರಿಯಾಗಿ ಥಯಮಿನ್ ಇಂಜೆಕ್ಷನ್ ಸಿಕ್ಕಾಗ ಬಹಳಷ್ಟು ಮಕ್ಕಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಳ್ಳುತ್ತವೆ. ತಡವಾದರೆ ಜೀವಕ್ಕೆ ಅಪಾಯ.

ತಾಯಿಗೆ ತಲೆ ಸುತ್ತು, ಎದೆಬಡಿತ, ವಿಪರೀತ ಸುಸ್ತು ಇದ್ದರೆ, ಪ್ರಯತ್ನವಿಲ್ಲದೆಯೇ ತೂಕ ಸರಸರನೆ ಇಳಿದರೆ ಅಥವಾ ಏರಿದರೆ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಅವ್ವಂದಿರಿಗೆ, ಅತ್ತೆಯಂದಿರಿಗೆ, ಗಂಡಂದಿರಿಗೆ

ಬಾಣಂತಿಯ ತಾಟಿಗೆ ಏನು ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ. ತುಪ್ಪದ ಕೈ ಸ್ವಲ್ಪ ಹಿಡಿಯಿರಿ, ಬೇಳೆ-ಕಾಯಿಪಲ್ಲೆಯ ಕೈ ಬಿಚ್ಚಿರಿ. ಮೆತ್ತಗೆ ಬಡಿದ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ಕೊಟ್ಟರೆ ಬಾಣಂತಿಗೆ ಜಡವಾಗುವುದಿಲ್ಲ. ದಿನಕ್ಕೆ ಅರ್ಧ ತಾಸು ಮಗುವನ್ನು ನೀವು ಎತ್ತಿಕೊಂಡರೆ ಆಕೆ ನಡೆದು ಬರಬಹುದು. ದಪ್ಪಗಾಗಿದ್ದಾಳೆ ಎಂದು ಆಡಿಕೊಳ್ಳುವ ಮಾತು ಮನೆಯಲ್ಲಿ ಬೇಡ. ಆ ಮಾತಿಗೆ ನೊಂದು ಊಟ ಬಿಡುವ ತಾಯಂದಿರಿದ್ದಾರೆ.

ನೆನಪಿಡಿ:
1. ಮೊದಲ ಆರು ವಾರ ತೂಕ ಇಳಿಸುವ ಪ್ರಯತ್ನ ಬೇಡ.
2. ತಿಂಗಳಿಗೆ 2 ಕೆ.ಜಿ.ಗಿಂತ ಹೆಚ್ಚು ಇಳಿಸಬಾರದು.
3. ಸಿಹಿ, ತುಪ್ಪ, ಕರಿದದ್ದು ಕಡಿಮೆ ಇರಲಿ. ರೊಟ್ಟಿ, ಬೇಳೆ, ಕಾಳು, ಸೊಪ್ಪು, ಹಾಲು, ಮೊಸರು ಬಿಡಬಾರದು.
4. ಬರೀ ಅನ್ನ-ಸಾರಿನ ಪಥ್ಯ ಬೇಡ.
5. ದಿನಾಲೂ ನಡೆಯಿರಿ, ನೀರಡಿಕೆಯಾದಷ್ಟು ನೀರು ಕುಡಿಯಿರಿ.
6. ಪ್ರತಿ ತಿಂಗಳು ತಾಯಿ-ಮಗು ಇಬ್ಬರೂ ತೂಕ ನೋಡಿಕೊಳ್ಳಿ.

ಸಂಶಯವಿದ್ದರೆ ವಾರ್ಡಿನಲ್ಲಿರುವ ದಾದಿಯರನ್ನು ಸಂಕೋಚವಿಲ್ಲದೆ ಕೇಳಿರಿ. ಮನೆಗೆ ಹೋಗುವಾಗ ಈ ಪತ್ರಿಕೆಯನ್ನು ತೆಗೆದುಕೊಂಡು ಹೋಗಿ, ಅಡುಗೆ ಮಾಡುವವರ ಕೈಗೆ ಕೊಡಿರಿ.